ಶಾಸನಸಭೆಯಿಂದ ಬಾನುಲಿಯವರೆಗೆ: ಪರ್ಸಿ ಸಟ್ಟನ್ ಬದುಕು ಕಲಿಸುವ ಪಾಠ

ಒಂದು ಸಮುದಾಯ ಮುಂದೆ ಬರಬೇಕಾದರೆ ಅದಕ್ಕೆ ಮೂರು ಆಸರೆಗಳು ಬೇಕೆಂದು ಹಿರಿಯರು ಹೇಳುತ್ತಾರೆ. ಮೊದಲನೆಯದು ವಿದ್ಯೆ, ಎರಡನೆಯದು ಕಾನೂನು ಮಾಡುವ ಜಾಗದಲ್ಲಿ ಒಂದು ಕುರ್ಚಿ, ಮೂರನೆಯದು ತನ್ನ ಮಾತನ್ನು ತಾನೇ ಹೇಳಿಕೊಳ್ಳುವ ಸಾಧನ. ಈ ಮೂರನ್ನೂ ತನ್ನ ಜನರಿಗಾಗಿ ಒಂದೇ ಜೀವಮಾನದಲ್ಲಿ ಕಟ್ಟಲು ಹೊರಟವರು ವಿರಳ. ಅಂಥವರಲ್ಲಿ ಒಬ್ಬರು ಅಮೆರಿಕದ ನ್ಯೂಯಾರ್ಕ್ ನಗರದ ಪರ್ಸಿ ಸಟ್ಟನ್.

ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ಮಾಲ್ಕಮ್ ಎಕ್ಸ್ ಅವರ ಹೆಸರು ಗೊತ್ತು. ಅವರ ಹಜ್ ಯಾತ್ರೆಯ ಬಗ್ಗೆ, ಅವರ ಹತ್ಯೆಯ ಬಗ್ಗೆ ಓದಿರುತ್ತಾರೆ. ಆದರೆ ಮಾಲ್ಕಮ್ ಎಕ್ಸ್ ಅವರ ವಕೀಲರು ಯಾರು, ಅವರು ಹತರಾದ ಮೇಲೆ ಹೆಂಡತಿ ಮಕ್ಕಳ ಜೊತೆ ನಿಂತವರು ಯಾರು ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಆ ವಕೀಲರೇ ಪರ್ಸಿ ಸಟ್ಟನ್. ಅವರು ಮುಸ್ಲಿಮರಲ್ಲ. ಆದರೂ ಅವರ ಜೀವನದಲ್ಲಿ ನಾವು ಕಲಿಯಬೇಕಾದದ್ದು ಬಹಳವಿದೆ.

ಶಿಕ್ಷಕರ ಮನೆಯ ಮಗ

ಸಟ್ಟನ್ ಹುಟ್ಟಿದ್ದು 1920ರ ನವೆಂಬರ್ 24ರಂದು, ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೊ ಪಟ್ಟಣದ ಕುಟುಂಬದಲ್ಲಿ. ಹದಿನೈದು ಮಕ್ಕಳಲ್ಲಿ ಅವರೇ ಕೊನೆಯವರು. ತಂದೆ ಸ್ಯಾಮ್ಯುಯೆಲ್ ಜಾನ್ಸನ್ ಸಟ್ಟನ್ ಗುಲಾಮಗಿರಿಯ ಕಾಲದಲ್ಲಿ ಹುಟ್ಟಿ, ಓದಿ ಶಿಕ್ಷಕರಾಗಿ, ಆಮೇಲೆ ಮುಖ್ಯೋಪಾಧ್ಯಾಯರಾದವರು. ತಾಯಿಯೂ ಶಿಕ್ಷಕಿ. ತಂದೆ ತಮ್ಮ ಹೆಸರನ್ನು ಎಲ್ಲೆಡೆ 'ಎಸ್.ಜೆ.' ಎಂದಷ್ಟೇ ಬರೆಯುತ್ತಿದ್ದರು. ಸ್ಯಾಮ್ಯುಯೆಲ್ ಎಂದು ಪೂರ್ತಿ ಬರೆದರೆ ಬಿಳಿಯರು ಅದನ್ನು ಕಪ್ಪು ಜನರನ್ನು ಹೀಯಾಳಿಸುವ ಒಂದು ಪದವಾಗಿ ತಿರುಚುತ್ತಾರೆ ಎಂಬ ಆತಂಕ ಅದಕ್ಕೆ ಕಾರಣ. ಹೆಡ್‌ಮಾಸ್ಟರ್ ಒಬ್ಬರು ತಮ್ಮ ಹೆಸರನ್ನೇ ಮುಚ್ಚಿಟ್ಟುಕೊಳ್ಳಬೇಕಾದ ಕಾಲ ಅದು.

ಆದರೆ ಆ ಮನೆಯಲ್ಲಿ ಓದಿಗೆ ಕೊರತೆ ಇರಲಿಲ್ಲ. ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತಲೇಬೇಕು ಎಂಬುದು ತಂದೆತಾಯಿಯ ಹಟ. ಒಬ್ಬ ಅಣ್ಣ ಜಿ.ಜೆ. ಸಟ್ಟನ್ ಮುಂದೆ ಟೆಕ್ಸಾಸ್ ಶಾಸನಸಭೆಯ ಸದಸ್ಯರಾದರು. ಇನ್ನೊಬ್ಬ ಅಣ್ಣ ಆಲಿವರ್ ನ್ಯೂಯಾರ್ಕ್‌ನಲ್ಲಿ ನ್ಯಾಯಾಧೀಶರಾದರು. ಹದಿಮೂರು ವರ್ಷದ ಪರ್ಸಿ ಬಿಳಿಯರ ಬಡಾವಣೆಯಲ್ಲಿ ಕಪ್ಪು ಜನರ ಹಕ್ಕುಗಳ ಕರಪತ್ರ ಹಂಚುತ್ತಿದ್ದಾಗ ಪೊಲೀಸನೊಬ್ಬನಿಂದ ಹೊಡೆತ ತಿಂದರು.

ಎರಡನೇ ಮಹಾಯುದ್ಧದಲ್ಲಿ ಅವರು ಟಸ್ಕೀಗಿ ವಿಮಾನ ಪಡೆ ಎಂದು ಹೆಸರಾದ ಕಪ್ಪು ಸೈನಿಕರ ದಳದಲ್ಲಿ ಗುಪ್ತಮಾಹಿತಿ ಅಧಿಕಾರಿಯಾಗಿ ಇಟಲಿಯಲ್ಲಿ ಸೇವೆ ಸಲ್ಲಿಸಿದರು. ಯುದ್ಧ ಮುಗಿಸಿ ಬಂದು ಕಾನೂನು ಓದಲು ಬ್ರೂಕ್ಲಿನ್ ಲಾ ಸ್ಕೂಲ್ ಸೇರಿದರು. ಆ ದಿನಗಳ ಅವರ ದಿನಚರಿಯನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು. ಸಾಯಂಕಾಲ ನಾಲ್ಕರಿಂದ ಮಧ್ಯರಾತ್ರಿಯವರೆಗೆ ಅಂಚೆ ಕಚೇರಿಯಲ್ಲಿ ಗುಮಾಸ್ತೆ ಕೆಲಸ. ಅಲ್ಲಿಂದ ಬೆಳಗಿನವರೆಗೆ ಸುರಂಗ ರೈಲಿನಲ್ಲಿ ಕಂಡಕ್ಟರ್ ಕೆಲಸ. ಅದಾದ ಮೇಲೆ ತರಗತಿ. ಹೀಗೆ ಓದಿ 1950ರಲ್ಲಿ ಕಾನೂನು ಪದವಿ ಪಡೆದರು. ಕೊರಿಯಾ ಯುದ್ಧದ ಕಾಲದಲ್ಲಿ ಮತ್ತೆ ವಾಯುಪಡೆಯ ಸೇವೆ ಮಾಡಿ, 1953ರಲ್ಲಿ ನ್ಯೂಯಾರ್ಕ್‌ನ ಕಪ್ಪು ಜನರ ಬಡಾವಣೆಯಾದ ಹಾರ್ಲೆಮ್‌ನಲ್ಲಿ ವಕೀಲಿ ಕಚೇರಿ ತೆರೆದರು.

ಮಾಲ್ಕಮ್ ಎಕ್ಸ್ ಅವರ ವಕೀಲ

ಹಾರ್ಲೆಮ್‌ನ ರಸ್ತೆ ಮೂಲೆಗಳಲ್ಲಿ ಮಾಲ್ಕಮ್ ಎಕ್ಸ್ ಭಾಷಣ ಮಾಡುತ್ತಿದ್ದ ಕಾಲ ಅದು. 1950ರ ದಶಕದಲ್ಲೇ ಸಟ್ಟನ್ ಅವರ ವಕೀಲರಾದರು. ಇಬ್ಬರ ದಾರಿ ಬೇರೆ ಬೇರೆ. ಸಟ್ಟನ್ ಕಪ್ಪು ಜನರ ಹಕ್ಕುಗಳ ಸಂಘವಾದ ಎನ್‌ಎಎಸಿಪಿಯ ನ್ಯೂಯಾರ್ಕ್ ಶಾಖೆಯ ಅಧ್ಯಕ್ಷರಾಗಿದ್ದವರು. ಬಸ್ಸು ನಿಲ್ದಾಣಗಳಲ್ಲಿ ಬಿಳಿಯರು ಕರಿಯರು ಎಂಬ ಭೇದವನ್ನು ಮುರಿಯಲು ಹೊರಟ ಸ್ವಾತಂತ್ರ್ಯ ಯಾತ್ರಿಗಳ ಜೊತೆ 1961ರ ಜೂನ್‌ನಲ್ಲಿ ಮಿಸಿಸಿಪಿಯ ಜಾಕ್ಸನ್ ಪಟ್ಟಣಕ್ಕೆ ಹೋಗಿ ಬಂಧನಕ್ಕೂ ಒಳಗಾದರು. ಅವರು ನಂಬಿದ್ದು ನ್ಯಾಯಾಲಯ ಮತ್ತು ಮತಪೆಟ್ಟಿಗೆಯನ್ನು. ಮಾಲ್ಕಮ್ ಅವರಿಗೆ ಆಗ ಆ ಎರಡರಲ್ಲೂ ಹೆಚ್ಚಿನ ನಂಬಿಕೆ ಇರಲಿಲ್ಲ. ಆದರೂ ಒಬ್ಬರ ಮೇಲೊಬ್ಬರಿಗೆ ಗೌರವವಿತ್ತು. ಅಭಿಪ್ರಾಯ ಭೇದವಿದ್ದವರೆಲ್ಲ ವೈರಿಗಳಲ್ಲ ಎಂಬುದಕ್ಕೆ ಇದೊಂದು ಒಳ್ಳೆಯ ನಿದರ್ಶನ.

1964ರಲ್ಲಿ ಮಾಲ್ಕಮ್ 'ನೇಷನ್ ಆಫ್ ಇಸ್ಲಾಮ್' ಸಂಘಟನೆಯಿಂದ ಹೊರಬಂದರು. ಅದೇ ವರ್ಷ ಏಪ್ರಿಲ್‌ನಲ್ಲಿ ಹಜ್ ನಿರ್ವಹಿಸಿ ಅಲ್-ಹಾಜ್ ಮಲಿಕ್ ಅಲ್-ಶಬಾಝ್ ಆದರು. ಅವರು ವಾಸವಿದ್ದ ಮನೆ ತನ್ನದೆಂದು ಆ ಸಂಘಟನೆ ನ್ಯಾಯಾಲಯಕ್ಕೆ ಹೋಯಿತು. ಮಾಲ್ಕಮ್ ಪರವಾಗಿ ವಾದಿಸಿದವರು ಸಟ್ಟನ್. ಸೆಪ್ಟೆಂಬರ್‌ನಲ್ಲಿ ತೀರ್ಪು ಅವರಿಗೆ ವಿರುದ್ಧವಾಗಿ ಬಂತು. 1965ರ ಫೆಬ್ರವರಿ 14ರ ರಾತ್ರಿ ಆ ಮನೆಯ ಮೇಲೆ ಬೆಂಕಿಬಾಂಬ್ ಬಿತ್ತು. ಒಂದು ವಾರದ ನಂತರ, ಫೆಬ್ರವರಿ 21ರಂದು, ಆಡುಬಾನ್ ಸಭಾಂಗಣದಲ್ಲಿ ಮಾಲ್ಕಮ್ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಅವರಿಗೆ ಆಗ 39 ವರ್ಷ. ಪತ್ನಿ ಬೆಟ್ಟಿ ಶಬಾಝ್ ನಾಲ್ಕು ಹೆಣ್ಣುಮಕ್ಕಳ ತಾಯಿ, ಅವಳಿ ಮಕ್ಕಳ ಗರ್ಭಿಣಿ. ಮನೆಯೂ ಇಲ್ಲ, ಉಳಿತಾಯವೂ ಇಲ್ಲ.

ಈಗ ಸಟ್ಟನ್ ಅವರ ಸ್ಥಿತಿಯನ್ನು ಯೋಚಿಸಿ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಮತ್ತೆ ಮತ್ತೆ ಚುನಾವಣೆ ಸೋತು, 1964ರ ನವೆಂಬರ್‌ನಲ್ಲಷ್ಟೇ ನ್ಯೂಯಾರ್ಕ್ ರಾಜ್ಯ ಶಾಸನಸಭೆಗೆ ಗೆದ್ದಿದ್ದರು. ಶಾಸಕರಾಗಿ ಎರಡು ತಿಂಗಳೂ ತುಂಬಿರಲಿಲ್ಲ. ದೊಡ್ಡ ಪತ್ರಿಕೆಗಳು ಮಾಲ್ಕಮ್ ಅವರನ್ನು ಸತ್ತ ಮೇಲೂ ದೂಷಿಸುತ್ತಿದ್ದವು. ಅಂತ್ಯಕ್ರಿಯೆಗೆ ಜಾಗ ಕೊಡಲು ಹಲವು ಚರ್ಚುಗಳು ಹೆದರಿದವು. ಹೊಸ ಶಾಸಕನೊಬ್ಬ ಇಂಥ ಸಮಯದಲ್ಲಿ ಊರಲ್ಲಿಲ್ಲ ಎಂದು ಹೇಳಿಸಿ ಸುಮ್ಮನಿದ್ದುಬಿಡುವುದು ಸುಲಭ. ಸಟ್ಟನ್ ಹಾಗೆ ಮಾಡಲಿಲ್ಲ. ಕುಟುಂಬದ ವಕೀಲರಾಗಿ ಎದುರಿಗೇ ನಿಂತರು. ಸುಡಾನ್ ಮೂಲದ ಶೇಖ್ ಅಹ್ಮದ್ ಹಸ್ಸೂನ್ ಅವರು ಮಯ್ಯತ್‌ಗೆ ಗುಸ್ಲ್ ಮಾಡಿಸಿ ಕಫನ್ ತೊಡಿಸಿದರು. ಕಲಾವಿದೆ ರೂಬಿ ಡೀ ಮುಂತಾದವರು ಹಣ ಕೂಡಿಸಿ ಮಕ್ಕಳಿಗೆ ಒಂದು ಮನೆಯ ವ್ಯವಸ್ಥೆ ಮಾಡಿದರು.

ಬೆಟ್ಟಿ ಶಬಾಝ್ ಆಮೇಲೆ ಓದು ಮುಂದುವರಿಸಿ 1975ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ನ್ಯೂಯಾರ್ಕ್‌ನ ಮೆಡ್ಗರ್ ಎವರ್ಸ್ ಕಾಲೇಜಿನಲ್ಲಿ ಅಧ್ಯಾಪಕಿಯಾದರು. ಸಟ್ಟನ್ ಮತ್ತು ಆ ಕುಟುಂಬದ ಸಂಬಂಧ ಅಲ್ಲಿಗೆ ಮುಗಿಯಲಿಲ್ಲ. 1997ರಲ್ಲಿ ಬೆಟ್ಟಿಯವರು ದುರಂತದಲ್ಲಿ ತೀರಿಕೊಂಡು, ಮಾಲ್ಕಮ್ ಅವರ ಮೊಮ್ಮಗ ನ್ಯಾಯಾಲಯದ ಮುಂದೆ ನಿಲ್ಲಬೇಕಾಗಿ ಬಂದಾಗ, 76 ವರ್ಷದ ಸಟ್ಟನ್ ಮತ್ತೆ ಕರಿಕೋಟು ತೊಟ್ಟು ಆ ಹುಡುಗನ ಪಕ್ಕದಲ್ಲಿ ನಿಂತರು. ಕಕ್ಷಿದಾರ ಸತ್ತು 32 ವರ್ಷಗಳಾದ ಮೇಲೂ ಉಳಿದ ವಫಾದಾರಿ ಅದು.

ಎರಡು ವರ್ಷದ ಶಾಸಕ, ಉಳಿದುಬಂದ ಕೆಲಸ

ಅಮೆರಿಕದ ಪ್ರತಿ ರಾಜ್ಯಕ್ಕೂ ತನ್ನದೇ ಶಾಸನಸಭೆಯಿದೆ. ನ್ಯೂಯಾರ್ಕ್ ರಾಜ್ಯದ್ದು ಆಲ್ಬನಿ ಪಟ್ಟಣದಲ್ಲಿದೆ. ಅಲ್ಲಿ ನಮ್ಮ ವಿಧಾನಸಭೆ, ವಿಧಾನ ಪರಿಷತ್ತಿನಂತೆ ಎರಡು ಮನೆಗಳು. ಕೆಳಮನೆಯ ಸದಸ್ಯರ ಅವಧಿ ಎರಡೇ ವರ್ಷ. ಸಟ್ಟನ್ ಅಲ್ಲಿ ಇದ್ದದ್ದು 1965ರ ಜನವರಿಯಿಂದ 1966ರ ಸೆಪ್ಟೆಂಬರ್‌ವರೆಗೆ, ಅಂದರೆ ಪೂರ್ತಿ ಎರಡು ವರ್ಷವೂ ಅಲ್ಲ. ವಿವಾಹ ವಿಚ್ಛೇದನೆಯ ಹಳೆಯ ಕಾನೂನನ್ನು ಸಡಿಲಿಸುವ, ಗರ್ಭಪಾತದ ಕಾನೂನನ್ನು ಬದಲಿಸುವ ಪ್ರಯತ್ನಗಳಲ್ಲೂ ಅವರು ಮುಂದಿದ್ದರು. ಅವರ ಎಲ್ಲ ನಿಲುವುಗಳನ್ನೂ ನಾವು ಒಪ್ಪಬೇಕೆಂದಿಲ್ಲ. ಆದರೆ ಅವರು ಕೈಹಾಕಿದ ಒಂದು ಕೆಲಸ ಮಾತ್ರ ಶಿಕ್ಷಣ ಸಂಸ್ಥೆಯವರಾದ ನಾವೆಲ್ಲ ತಿಳಿದಿರಲೇಬೇಕಾದದ್ದು.

ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯದ ಹಿರಿಯ ಕಾಲೇಜುಗಳಲ್ಲಿ ಆಗ ಬೋಧನಾ ಶುಲ್ಕ ಇರಲಿಲ್ಲ. ಬಾಗಿಲು ಎಲ್ಲರಿಗೂ ತೆರೆದಿದೆ ಎಂದು ಹೇಳಲಾಗುತ್ತಿತ್ತು. ಆದರೆ ಪ್ರವೇಶ ಸಿಗುತ್ತಿದ್ದದ್ದು ಹೆಚ್ಚು ಅಂಕದವರಿಗೆ. ಹಾರ್ಲೆಮ್‌ನ ನಡುವೆಯೇ ಇರುವ ಸಿಟಿ ಕಾಲೇಜಿನಲ್ಲಿ ಹಾರ್ಲೆಮ್‌ನ ಮಕ್ಕಳು ಬೆರಳೆಣಿಕೆಯಷ್ಟು. ಕಾರಣ ಅವರ ಬುದ್ಧಿಯಲ್ಲಿರಲಿಲ್ಲ. ಅವರು ಓದಿದ ಶಾಲೆಗಳಲ್ಲಿತ್ತು, ಅವರ ಮನೆಯ ಬಡತನದಲ್ಲಿತ್ತು.

1966ರಲ್ಲಿ ರಾಜ್ಯ ಶಾಸನಸಭೆ ಒಂದು ಯೋಜನೆಗೆ ಕಾನೂನಿನ ಬಲ ಮತ್ತು ಹಣ ಎರಡನ್ನೂ ಕೊಟ್ಟಿತು. ಅದಕ್ಕಾಗಿ ಹೋರಾಡಿದ ಕಪ್ಪು ಶಾಸಕರಲ್ಲಿ ಸಟ್ಟನ್ ಮತ್ತು ಷರ್ಲಿ ಚಿಸಮ್ ಪ್ರಮುಖರು. ಶಿಕ್ಷಕಿಯಾಗಿದ್ದ ಚಿಸಮ್ ಕೂಡ 1964ರ ಚುನಾವಣೆಯಲ್ಲೇ ಗೆದ್ದು ಬಂದಿದ್ದರು. 1968ರಲ್ಲಿ ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಕಪ್ಪು ಮಹಿಳೆಯೂ ಅವರೇ. ಆ ಯೋಜನೆಯ ಹೆಸರು 'ಸೀಕ್'. ಇಂಗ್ಲಿಷಿನಲ್ಲಿ ಆ ಪದಕ್ಕೆ ಹುಡುಕು, ಅರಸು ಎಂದರ್ಥ. ಅದನ್ನು ಬಿಡಿಸಿದರೆ ಶಿಕ್ಷಣ, ಉನ್ನತಿ ಮತ್ತು ಜ್ಞಾನದ ಅನ್ವೇಷಣೆ ಎಂದಾಗುತ್ತದೆ. ಉರ್ದುವಿನಲ್ಲಿ ನಾವು ವಿದ್ಯಾರ್ಥಿಯನ್ನು ತಾಲಿಬ್-ಎ-ಇಲ್ಮ್, ಅಂದರೆ ವಿದ್ಯೆಯನ್ನು ಅರಸುವವನು ಎಂದು ಕರೆಯುತ್ತೇವಲ್ಲ, ಅದೇ ಭಾವ.

ಈ ಯೋಜನೆಯ ವಿಶೇಷವೇನು? ಕೇವಲ ಸೀಟು ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಅಂಕ ಕಡಿಮೆ ಇರುವ ಬಡ ವಿದ್ಯಾರ್ಥಿಯನ್ನು ಸೇರಿಸಿಕೊಂಡು, ಓದು, ಬರಹ, ಗಣಿತದಲ್ಲಿ ಅವನ ಹಿಂದುಳಿದ ಪಾಠಗಳನ್ನು ಬೇರೆಯಾಗಿ ಕಲಿಸಿದರು. ಪುಸ್ತಕಕ್ಕೆ ಹಣ, ಖರ್ಚಿಗೆ ಸ್ಟೈಪೆಂಡ್ ಕೊಟ್ಟರು. ಮನೆಯಲ್ಲಿ ಓದಲು ಜಾಗವಿಲ್ಲದ ಕೆಲವರಿಗೆ ನಗರದ ಒಂದು ಹೋಟೆಲಿನಲ್ಲಿ ವಾಸದ ವ್ಯವಸ್ಥೆ ಮಾಡಿದರು. ಪ್ರತಿಯೊಬ್ಬರಿಗೂ ಸಲಹೆಗಾರರಿದ್ದರು. ಮೀನಾ ಶಾನೆಸ್ಸಿ, ಆಡ್ರಿ ಲಾರ್ಡ್, ಏಡ್ರಿಯನ್ ರಿಚ್, ಟೋನಿ ಕೇಡ್ ಬಂಬಾರ ಅವರಂಥ ಹೆಸರಾಂತ ಬರಹಗಾರ್ತಿಯರು ಈ ಮಕ್ಕಳಿಗೆ ವಾಕ್ಯರಚನೆ ಕಲಿಸಿದರು. ವಿದ್ಯಾರ್ಥಿ ಮಾಡುವ ತಪ್ಪುಗಳಿಗೂ ಒಂದು ತರ್ಕವಿದೆ, ಅದನ್ನು ಹಿಡಿದರೆ ತಿದ್ದಬಹುದು ಎಂದು ಶಾನೆಸ್ಸಿ ತೋರಿಸಿಕೊಟ್ಟದ್ದು ಈ ತರಗತಿಗಳ ಅನುಭವದಿಂದ.

ಇದನ್ನು ಓದಿದಾಗ ನನಗೆ ನನ್ನ ತರಗತಿಯ ಮಕ್ಕಳು ನೆನಪಾಗುತ್ತಾರೆ. ಉರ್ದು ಮಾಧ್ಯಮದಲ್ಲಿ ಹತ್ತನೇ ತರಗತಿಯವರೆಗೆ ಚೆನ್ನಾಗಿ ಓದಿದ ಹುಡುಗಿ, ಪಿಯುಸಿಗೆ ಹೋಗಿ ಇಂಗ್ಲಿಷಿನ ಲೆಕ್ಕಶಾಸ್ತ್ರದ ಪುಸ್ತಕ ಕೈಗೆ ಬಂದ ಕೂಡಲೇ ಬಾಯಿ ಮುಚ್ಚಿಕೊಳ್ಳುತ್ತಾಳೆ. ಮೊದಲ ಪರೀಕ್ಷೆಯಲ್ಲಿ ನಪಾಸಾದರೆ, 'ಇವಳಿಗೆ ಓದು ಹತ್ತುವುದಿಲ್ಲ' ಎಂದು ಮನೆಯವರು ನಿಲ್ಲಿಸಿಬಿಡುತ್ತಾರೆ. ಹುಡುಗನಾದರೆ ಗ್ಯಾರೇಜಿಗೋ ಅಂಗಡಿಗೋ ಹೋಗುತ್ತಾನೆ. ಪ್ರವೇಶ ಕೊಡಿಸುವುದು ಅರ್ಧ ಕೆಲಸ ಮಾತ್ರ. ಪ್ರವೇಶ ಪಡೆದವನು ಪದವಿ ಮುಗಿಸುವಂತೆ ನೋಡಿಕೊಳ್ಳುವುದೇ ಉಳಿದ ಅರ್ಧ. ಸಟ್ಟನ್ ಮತ್ತು ಅವರ ಜೊತೆಗಾರರು ಇದನ್ನು 1966ರಲ್ಲೇ ಕಾನೂನಿನಲ್ಲಿ ಬರೆಸಿದ್ದರು.

ಸೀಕ್ ಯೋಜನೆ ಇಂದಿಗೂ ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯದ ಹಿರಿಯ ಕಾಲೇಜುಗಳಲ್ಲಿ ನಡೆಯುತ್ತಿದೆ. ಅದಕ್ಕೆ ಈಗ ಪರ್ಸಿ ಎಲ್ಲಿಸ್ ಸಟ್ಟನ್ ಅವರ ಹೆಸರನ್ನೇ ಇಡಲಾಗಿದೆ.

ಗಾಳಿಯಲ್ಲೊಂದು ಜಾಗ

1966ರ ಸೆಪ್ಟೆಂಬರ್‌ನಲ್ಲಿ ಮ್ಯಾನ್‌ಹಟನ್ ಬರೋ ಅಧ್ಯಕ್ಷೆ ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ ಫೆಡರಲ್ ನ್ಯಾಯಾಧೀಶೆಯಾದರು. ಆ ಸ್ಥಾನಕ್ಕೆ ಸಟ್ಟನ್ ಬಂದರು. 1977ರ ಕೊನೆಯವರೆಗೆ ಅಲ್ಲಿದ್ದರು. ನ್ಯೂಯಾರ್ಕ್ ಮ್ಯಾರಥಾನ್ ಓಟ 1976ರಲ್ಲಿ ಉದ್ಯಾನವನದಿಂದ ಹೊರಬಂದು ನಗರದ ಐದೂ ಭಾಗಗಳ ಮೂಲಕ ಹಾಯುವಂತಾದುದರಲ್ಲಿ ಅವರ ಪಾತ್ರ ದೊಡ್ಡದು.

ಅಷ್ಟರಲ್ಲಿ ಅವರ ಮನಸ್ಸು ಇನ್ನೊಂದು ವಿಷಯದ ಕಡೆ ತಿರುಗಿತ್ತು. ಹಾರ್ಲೆಮ್‌ನ ಜನ ಕೇಳುತ್ತಿದ್ದ ರೇಡಿಯೊದಲ್ಲಿ ಹಾಡುವವರು ಕಪ್ಪು ಜನ, ಕೇಳುವವರು ಕಪ್ಪು ಜನ, ಆದರೆ ನಿಲಯದ ಮಾಲೀಕತ್ವ ಅವರದಲ್ಲ. ಯಾವ ಸುದ್ದಿ ಹೇಳಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವವರು ಬೇರೆಯವರು. 1971ರಲ್ಲಿ ಸಟ್ಟನ್ ಮತ್ತು ಜೊತೆಗಾರರು ಸೇರಿ ಇನ್ನರ್ ಸಿಟಿ ಬ್ರಾಡ್‌ಕಾಸ್ಟಿಂಗ್ ಎಂಬ ಕಂಪನಿ ಕಟ್ಟಿ ಡಬ್ಲ್ಯೂಎಲ್‌ಐಬಿ ಎಂಬ ನಿಲಯವನ್ನು ಕೊಂಡರು. ಹಿರಿಯ ರೇಡಿಯೊ ನಿರೂಪಕ ಹ್ಯಾಲ್ ಜಾಕ್ಸನ್ ಸಂಸ್ಥಾಪಕರಲ್ಲಿ ಒಬ್ಬರು. ನ್ಯೂಯಾರ್ಕ್ ನಗರದಲ್ಲಿ ಕಪ್ಪು ಜನರ ಒಡೆತನದ ಮೊದಲ ರೇಡಿಯೊ ನಿಲಯ ಅದು. 1974ರಲ್ಲಿ ಅದರ ಎಫ್.ಎಂ. ನಿಲಯವನ್ನೂ ಕೊಂಡು ಡಬ್ಲ್ಯೂಬಿಎಲ್‌ಎಸ್ ಎಂದು ಹೆಸರಿಟ್ಟರು. ಸಂಗೀತದ ಬಲದಿಂದ ಅದು ಕೆಲವೇ ವರ್ಷಗಳಲ್ಲಿ ನಗರದ ಅತಿ ಹೆಚ್ಚು ಕೇಳುಗರ ನಿಲಯಗಳ ಸಾಲಿಗೆ ಬಂತು. ಮುಂದೆ ಸಟ್ಟನ್ ಅವರ ಮಗ ಪಿಯರ್ ಈ ಕಂಪನಿಯನ್ನು ನಡೆಸಿದರು.

ಹಾಡಿನ ನಿಲಯ ಹಣ ತಂದರೆ, ಡಬ್ಲ್ಯೂಎಲ್‌ಐಬಿ ಮಾತಿನ ನಿಲಯವಾಯಿತು. 1980ರ ದಶಕದಲ್ಲಿ ಅಲ್ಲಿಗೆ ಫೋನ್ ಮಾಡಿ ಬಾಡಿಗೆ ಮನೆಯ ತೊಂದರೆ, ಶಾಲೆಯ ದೂರು, ಪೊಲೀಸರ ದೌರ್ಜನ್ಯ ಇವನ್ನೆಲ್ಲ ಸಾಮಾನ್ಯ ಜನ ಹೇಳಿಕೊಳ್ಳುತ್ತಿದ್ದರು. ಆದರೆ ಅದಕ್ಕೊಂದು ಅಡ್ಡಿ ಇತ್ತು. ಅದಕ್ಕೆ ಹಗಲು ಹೊತ್ತು ಮಾತ್ರ ಪ್ರಸಾರದ ಅನುಮತಿ. ಮೀಡಿಯಮ್ ವೇವ್ ಅಲೆಗಳು ರಾತ್ರಿ ಬಹಳ ದೂರ ಹೋಗುತ್ತವೆ. ನಮ್ಮ ಮನೆಗಳಲ್ಲಿ ಹಿರಿಯರು ರಾತ್ರಿ ಹೊತ್ತು ರೇಡಿಯೊ ತಿರುಗಿಸಿ ದೂರದೂರುಗಳ ನಿಲಯ ಹಿಡಿಯುತ್ತಿದ್ದದ್ದು ಇದೇ ಕಾರಣದಿಂದ. ಅದೇ ತರಂಗಾಂತರದಲ್ಲಿ ಇಂಡಿಯಾನಾ ರಾಜ್ಯದ ಡಬ್ಲ್ಯೂಓಡಬ್ಲ್ಯೂಓ ಎಂಬ ಶಕ್ತಿಶಾಲಿ ನಿಲಯವಿದ್ದುದರಿಂದ, ಸೂರ್ಯ ಮುಳುಗಿದ ಮೇಲೆ ಹಾರ್ಲೆಮ್‌ನ ದನಿ ನಿಲ್ಲಬೇಕಾಗಿತ್ತು. ಇನ್ನರ್ ಸಿಟಿ ಕಂಪನಿ ಏನು ಮಾಡಿತು ಗೊತ್ತೆ? 1994ರಲ್ಲಿ ಆ ಇಂಡಿಯಾನಾ ನಿಲಯವನ್ನೇ ಕೊಂಡು, ಅದರ ರಾತ್ರಿಯ ಶಕ್ತಿಯನ್ನು ಇಳಿಸಿ, ತನ್ನ ನಿಲಯಕ್ಕೆ ರಾತ್ರಿಯೂ ಮಾತನಾಡುವ ಹಕ್ಕು ಪಡೆಯಿತು. ಹಕ್ಕಿಗಾಗಿ ಘೋಷಣೆ ಕೂಗುವುದು ಒಂದು ದಾರಿ. ನಿಯಮ ಓದಿ, ಅದರೊಳಗೇ ದಾರಿ ಹುಡುಕುವುದು ಇನ್ನೊಂದು.

1981ರಲ್ಲಿ ಅವರ ಕಂಪನಿ ದಿವಾಳಿಯಾಗಿ ಮುಚ್ಚಿದ್ದ ಹಾರ್ಲೆಮ್‌ನ ಅಪೊಲೊ ರಂಗಮಂದಿರವನ್ನು ಕೊಂಡಿತು. ಸುಮಾರು 2 ಕೋಟಿ ಡಾಲರ್ ವೆಚ್ಚದಲ್ಲಿ ಅದನ್ನು ದುರಸ್ತಿ ಮಾಡಿ 1985ರಲ್ಲಿ ಮತ್ತೆ ತೆರೆಯಲಾಯಿತು. 1987ರಿಂದ ಅಲ್ಲಿಂದ ದೂರದರ್ಶನ ಕಾರ್ಯಕ್ರಮವೂ ಪ್ರಸಾರವಾಯಿತು. ಅದೇ ವರ್ಷ ಎನ್‌ಎಎಸಿಪಿ ತನ್ನ ಅತ್ಯುನ್ನತ ಗೌರವವಾದ ಸ್ಪಿಂಗಾರ್ನ್ ಪದಕವನ್ನು ಅವರಿಗೆ ನೀಡಿತು.

ಸೋಲುಗಳೂ ಇದ್ದವು

ಇತಿಹಾಸ ಬರೆಯುವವರು ಒಳ್ಳೆಯದನ್ನು ಮಾತ್ರ ಬರೆದರೆ ಅದು ಇತಿಹಾಸವಾಗುವುದಿಲ್ಲ. 1977ರಲ್ಲಿ ಸಟ್ಟನ್ ನ್ಯೂಯಾರ್ಕ್ ಮೇಯರ್ ಆಗಲು ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿತನಕ್ಕೆ ಸ್ಪರ್ಧಿಸಿದರು. ಏಳು ಜನರಲ್ಲಿ ಐದನೆಯವರಾಗಿ ಸೋತರು. ಮತ್ತೆಂದೂ ಚುನಾವಣೆಗೆ ನಿಲ್ಲಲಿಲ್ಲ. ಅಪೊಲೊ ರಂಗಮಂದಿರದ ದೂರದರ್ಶನ ಕಾರ್ಯಕ್ರಮದ ಹಣಕಾಸಿನ ಬಗ್ಗೆ 1998ರಲ್ಲಿ ರಾಜ್ಯದ ಅಟಾರ್ನಿ ಜನರಲ್ ಮೊಕದ್ದಮೆ ಹೂಡಿದರು. 1999ರಲ್ಲಿ ಅದು ರಾಜಿಯಲ್ಲಿ ಮುಗಿಯಿತು. ಸಾರ್ವಜನಿಕ ಸೇವೆ ಮತ್ತು ಸ್ವಂತ ವ್ಯಾಪಾರ ಎರಡೂ ಒಂದೇ ಕೈಯಲ್ಲಿದ್ದಾಗ ಪ್ರಶ್ನೆಗಳು ಏಳುತ್ತವೆ. ಲೆಕ್ಕಪತ್ರ ಶುದ್ಧವಾಗಿಡಬೇಕೆಂಬುದು ಸಂಘ ಸಂಸ್ಥೆ ನಡೆಸುವವರೆಲ್ಲ ನೆನಪಿಡಬೇಕಾದ ಮಾತು.

ಸಟ್ಟನ್ 2009ರ ಡಿಸೆಂಬರ್ 26ರಂದು 89ನೇ ವಯಸ್ಸಿನಲ್ಲಿ ನಿಧನರಾದರು. ಅವರ ನಂತರ ಇನ್ನರ್ ಸಿಟಿ ಕಂಪನಿ ಸಾಲದಲ್ಲಿ ಮುಳುಗಿ 2011ರಲ್ಲಿ ದಿವಾಳಿ ನ್ಯಾಯಾಲಯಕ್ಕೆ ಹೋಯಿತು. 2012ರಲ್ಲಿ ಅದರ ನಿಲಯಗಳು ಬೇರೆಯವರ ಪಾಲಾದವು.

ಆದರೆ ಅವರು ಬೆಳೆಸಿದವರು ಉಳಿದರು. ಹಾರ್ಲೆಮ್‌ನ ನಾಲ್ವರು ಗೆಳೆಯರೆಂದು ಹೆಸರಾದವರು ಸಟ್ಟನ್, ಚಾರ್ಲ್ಸ್ ರ್ಯಾಂಗಲ್, ಬೇಸಿಲ್ ಪ್ಯಾಟರ್ಸನ್ ಮತ್ತು ಡೇವಿಡ್ ಡಿಂಕಿನ್ಸ್. ರ್ಯಾಂಗಲ್ 1970ರಲ್ಲಿ ಆಯ್ಕೆಯಾಗಿ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಸಂಸತ್ತಿನಲ್ಲಿದ್ದರು. ಸಟ್ಟನ್ ಸೋತ ಮೇಯರ್ ಸ್ಥಾನವನ್ನು 1989ರಲ್ಲಿ ಡಿಂಕಿನ್ಸ್ ಗೆದ್ದರು. ನ್ಯೂಯಾರ್ಕ್‌ನ ಮೊದಲ ಕಪ್ಪು ಮೇಯರ್ ಅವರು. ಬೇಸಿಲ್ ಅವರ ಮಗ ಡೇವಿಡ್ ಪ್ಯಾಟರ್ಸನ್ 2008ರಲ್ಲಿ ರಾಜ್ಯದ ಗವರ್ನರ್ ಆದರು. ತಾನು ಏರಲಾಗದ ಮೆಟ್ಟಿಲನ್ನು ಇನ್ನೊಬ್ಬರು ಏರಲು ಭುಜ ಕೊಡುವುದೂ ನಾಯಕತ್ವವೇ.

ಲೆಕ್ಕ ಹಾಕಿ ನೋಡಿದರೆ

ಪ್ರಿಯ ವಿದ್ಯಾರ್ಥಿಗಳೇ, ಸಟ್ಟನ್ ಅವರ ಬದುಕಿನಲ್ಲಿ ಏನು ಉಳಿಯಿತು, ಏನು ಹೋಯಿತು ಎಂದು ಒಮ್ಮೆ ಲೆಕ್ಕ ಹಾಕಿ. ಹನ್ನೊಂದು ವರ್ಷದ ಬರೋ ಅಧ್ಯಕ್ಷ ಪದವಿಯನ್ನು ಇಂದು ನೆನೆಯುವವರು ಕಡಿಮೆ. ನಾಲ್ಕು ದಶಕ ಕಟ್ಟಿದ ಬಾನುಲಿ ಕಂಪನಿ ಮಾರಾಟವಾಯಿತು. ಎರಡು ವರ್ಷವೂ ತುಂಬದ ಶಾಸಕತ್ವದಲ್ಲಿ, ಹಿಂದುಳಿದ ಮಕ್ಕಳ ಓದಿಗಾಗಿ ಬಿದ್ದ ಒಂದು ಕಾನೂನಿನ ಬೀಜ ಮಾತ್ರ ಅರವತ್ತು ವರ್ಷದಿಂದ ಫಲ ಕೊಡುತ್ತಿದೆ. ವಿದ್ಯೆಗಾಗಿ ಮಾಡಿದ ಖರ್ಚು ಸದಕ-ಎ-ಜಾರಿಯಾ, ನಿರಂತರ ಹರಿಯುವ ದಾನ ಎಂದು ನಮ್ಮ ಹಿರಿಯರು ಹೇಳುವುದು ಸುಮ್ಮನೆ ಅಲ್ಲ.

ನಮ್ಮ ಸಂಘದ ಸದಸ್ಯರಲ್ಲಿ ನನ್ನದೊಂದು ವಿನಂತಿ. ವಿದ್ಯಾರ್ಥಿವೇತನ ಹಂಚುವ ಸಭೆಯನ್ನು ನಾವು ಪ್ರತಿ ವರ್ಷ ಮಾಡುತ್ತೇವೆ, ಶಾಲು ಹಾರ ಎಲ್ಲ ಇರುತ್ತದೆ. ಅದರ ಜೊತೆಗೆ ಪಿಯುಸಿ ಮೊದಲ ವರ್ಷಕ್ಕೆ ಕಾಲಿಡುವ ಉರ್ದು ಮಾಧ್ಯಮದ ಮಕ್ಕಳಿಗೆ ಆ ರಜೆಯ ಎರಡು ತಿಂಗಳು ಕನ್ನಡ, ಇಂಗ್ಲಿಷ್, ಗಣಿತದ ಪಾಠ ನಡೆಸೋಣ. ಅವರು ಪದವಿ ಮುಗಿಸುವವರೆಗೆ ಒಬ್ಬೊಬ್ಬ ಶಿಕ್ಷಕರು ಹತ್ತು ಮಕ್ಕಳ ಹೊಣೆ ಹೊರೋಣ. ನನ್ನ ಹೆಸರನ್ನು ಮೊದಲು ಬರೆದುಕೊಳ್ಳಿ.

ಅಂಚೆ ಕಚೇರಿ, ಸುರಂಗ ರೈಲು, ಆಮೇಲೆ ತರಗತಿ ಎಂದು ಓಡಾಡಿ ಓದಿದ ಆ ಯುವಕ, ತಾನು ಪಟ್ಟ ಕಷ್ಟವನ್ನು ಮುಂದಿನವರು ಪಡಬಾರದೆಂದು ಬಯಸಿದರು. ನಾವು ಬಯಸಬೇಕಾದದ್ದೂ ಅಷ್ಟೇ.